ಬಿಲ್ಲೆ ಗರಿಗರಿ ಆಗಬೇಕಿದ್ದರೆ ಮೊದಲು ಬಟ್ಟೆ ಹರಡಿ

ಮನೆಗೆ ಓವನ್ ಬಂದ ಹೊಸತರಲ್ಲಿ ಮೊದಲು ಬಲಿಯಾಗುವುದು ಆಲೂಗಡ್ಡೆ. ಬಾಣಲೆ ತುಂಬ ಎಣ್ಣೆ ಸುರಿಯಬೇಕಿಲ್ಲ, ಒಲೆ ಮುಂದೆ ನಿಂತು ಬೆವರಬೇಕಿಲ್ಲ, ಬಿಲ್ಲೆಯಾಗಿ ಹೆಚ್ಚಿ ಟ್ರೇಗೆ ಹಾಕಿ ಒಳಗೆ ತಳ್ಳಿದರಾಯಿತು ಎಂಬ ಲೆಕ್ಕಾಚಾರ. ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆದರೆ ಅಂಚು ಕರಕಲು, ನಡು ಮೆತ್ತಗೆ, ತಳ ಟ್ರೇಗೆ ಅಂಟಿ ಕೂತಿರುತ್ತದೆ.

ಹೋದ ತಿಂಗಳು ನಮ್ಮ ಅತ್ತಿಗೆ ಇದೇ ಸಂಕಟದಲ್ಲಿದ್ದರು. "ಇದರ ಶಾಖವೇ ಸರಿಯಿಲ್ಲ ಕಣಮ್ಮಾ, ನೋಡಿಲ್ಲಿ, ನೀರಲ್ಲಿ ಬೇಯಿಸಿದ ಹಾಗಿದೆ" ಎಂದು ಓವನ್ನಿಗೆ ಬೈಯುತ್ತಿದ್ದರು. ಟ್ರೇಯಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಹೊದ್ದು ಮಲಗಿದ್ದವು. ತೊಳೆದು, ಜಾಲರಿಯಲ್ಲಿ ಎರಡು ಸಲ ಕೊಡವಿ, ಹಾಗೇ ಹಾಕಿದ್ದರಂತೆ. ಬೇಯಿಸಿದ ಹಾಗಿದೆ ಎಂದದ್ದು ನೂರಕ್ಕೆ ನೂರು ನಿಜ. ಆ ಬಿಲ್ಲೆಗಳು ತಮ್ಮದೇ ಹಬೆಯಲ್ಲಿ ಬೆಂದಿದ್ದವು. ಪಾಪ, ಓವನ್ನಿನದೇನೂ ತಪ್ಪಿರಲಿಲ್ಲ.

ಅರ್ಧ ಕಿಲೋ ಆಲೂಗಡ್ಡೆ, ಒಂದೂವರೆ ದೊಡ್ಡ ಚಮಚ ಎಣ್ಣೆ, ಉಪ್ಪು, ಎರಡು ಟ್ರೇ, ಎರಡು ಒಣ ಹತ್ತಿ ಬಟ್ಟೆ. ಇಷ್ಟಿದ್ದರೆ ಸಾಕು. ಟ್ರೇ ಮತ್ತು ಬಟ್ಟೆಯ ಲೆಕ್ಕದಲ್ಲಿ ಮಾತ್ರ ಜಿಪುಣತನ ಬೇಡ.

1. ಆಲೂಗಡ್ಡೆ ಆರಿಸುವುದು

ಸಿಪ್ಪೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಹಾಗೇ ಸುಲಿದು ಬಂದರೆ ಅದು ಎಳೆಯ ಗಡ್ಡೆ. ಪಲ್ಯಕ್ಕೆ ಚೆನ್ನ, ಇದಕ್ಕಾಗದು. ಬಲಿತ, ಸಿಪ್ಪೆ ಗಟ್ಟಿಯಾದ, ಬೇಯಿಸಿದರೆ ಹಿಟ್ಟುಹಿಟ್ಟಾಗಿ ಉದುರುವ ಜಾತಿ ಬೇಕು. ಹಿಟ್ಟು ಹೆಚ್ಚಿದ್ದಷ್ಟೂ ನೀರು ಕಡಿಮೆ. ಅನುಮಾನವಿದ್ದರೆ ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಗಡ್ಡೆಯನ್ನು ಬಿಡಿ. ಮುಳುಗಿದರೆ ಹಿಟ್ಟಿನ ಜಾತಿ, ತೇಲಿದರೆ ನೀರಿನ ಜಾತಿ. ಇದನ್ನು ಪ್ರತಿ ಸಲ ಮಾಡಿ ಎಂದು ಹೇಳುತ್ತಿಲ್ಲ. ಒಮ್ಮೆ ಮಾಡಿದರೆ ಕಣ್ಣಿಗೆ ಗುರುತು ಹತ್ತುತ್ತದೆ.

ಫ್ರಿಜ್ಜಿನಲ್ಲಿಟ್ಟ ಗಡ್ಡೆ ಮಾತ್ರ ಬೇಡವೇ ಬೇಡ. ಚಳಿಗೆ ಅದರೊಳಗಿನ ಪಿಷ್ಟ ಸ್ವಲ್ಪಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಸಕ್ಕರೆ ಹೆಚ್ಚಾದ ಬಿಲ್ಲೆ ಗರಿಯಾಗುವ ಮೊದಲೇ ಕಂದಿ ಕಹಿಯಾಗುತ್ತದೆ. "ಬಣ್ಣ ಬಂತು, ಆದರೆ ಮೆತ್ತಗಿದೆ" ಎಂಬ ದೂರುಗಳಲ್ಲಿ ಅರ್ಧದಷ್ಟು ಫ್ರಿಜ್ಜಿನಿಂದ ಬಂದವು ಎಂದೇ ನನ್ನ ಗುಮಾನಿ. ಹಸಿರು ತಿರುಗಿದ ಭಾಗ, ಮೊಳಕೆಯ ಕಣ್ಣು ಇದ್ದರೆ ಆಳವಾಗಿ ಕೊರೆದು ತೆಗೆಯಿರಿ. ಗಡ್ಡೆಯೆಲ್ಲ ಹಸಿರಾಗಿದ್ದರೆ ಬಿಸಾಡಿ. ಅದರಲ್ಲಿ ಸೋಲನೀನ್ ಎಂಬ ವಿಷಾಂಶವಿರುತ್ತದೆ, ಓವನ್ನಿನ ಕಾವಿಗೆ ಅದು ಹೋಗುವುದಿಲ್ಲ.

2. ಹೆಚ್ಚುವುದು

3 ಮಿಲಿಮೀಟರ್ ದಪ್ಪ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಇದಕ್ಕಿಂತ ತೆಳುವಾದರೆ ಒಂದು ನಿಮಿಷ ಕಣ್ಣು ತಪ್ಪಿದರೂ ಸುಟ್ಟಿತು, ದಪ್ಪವಾದರೆ ಒಳಗೆ ಮೆತ್ತಗೆ ಉಳಿಯಿತು. ಆದರೆ ದಪ್ಪ ಎಷ್ಟು ಎನ್ನುವುದಕ್ಕಿಂತ ಎಲ್ಲವೂ ಒಂದೇ ದಪ್ಪ ಇರುವುದು ಮುಖ್ಯ. ಒಂದು ಕಡೆ ಕಾಗದ, ಇನ್ನೊಂದು ಕಡೆ ಹಲಗೆ ಎಂಬಂಥ ಬಿಲ್ಲೆಯನ್ನು ಯಾವ ಓವನ್ ತಾನೇ ಉದ್ಧಾರ ಮಾಡೀತು? ಚಾಕುವಿನಲ್ಲಿ ಸಮನಾಗಿ ಹೆಚ್ಚುವ ಕೈ ನನಗಿಲ್ಲ, ಸ್ಲೈಸರ್ ಬಳಸುತ್ತೇನೆ. ಗಡ್ಡೆ ಹಿಡಿಯುವ ಹಿಡಿಕೆ ಅದರ ಜೊತೆಗೇ ಬಂದಿರುತ್ತದೆ, ಯಾರೂ ಬಳಸುವುದಿಲ್ಲ. ಬೆರಳ ತುದಿ ಮುಖ್ಯವೆನಿಸಿದರೆ ಬಳಸಿ. ಪ್ಲಾಸ್ಟಿಕ್ ಚೌಕಟ್ಟಿನ ಹಗುರ ಸ್ಲೈಸರುಗಳು ನಾಲ್ಕನೇ ಗಡ್ಡೆಗೆ ಬಾಗಲು ಶುರುಮಾಡುತ್ತವೆ. ಅಲ್ಲಿಂದ ಮುಂದೆ ಒಂದೊಂದು ಬಿಲ್ಲೆ ಒಂದೊಂದು ದಪ್ಪ.

ಸಿಪ್ಪೆ ತೆಗೆಯಬೇಕೇ? ನಾನು ತೆಗೆಯುವುದಿಲ್ಲ. ಅಂಚಿಗೆ ಬಿಗಿ ಬರುವುದೇ ಸಿಪ್ಪೆಯಿಂದ.

3. ನೆನೆಸುವುದು

ಹೆಚ್ಚಿದ ಬಿಲ್ಲೆಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಬಿಡಿ, ನಡುವೆ ಒಮ್ಮೆ ನೀರು ಬದಲಿಸಿ. ಕತ್ತರಿಸಿದ ಮೈಯಿಂದ ಹೊರಬಂದ ಪಿಷ್ಟವೂ ಒಂದಿಷ್ಟು ಸಕ್ಕರೆಯೂ ನೀರಿಗೆ ಹೋಗುತ್ತವೆ. ಬಿಲ್ಲೆಗಳು ಒಂದಕ್ಕೊಂದು ಅಂಟುವುದಿಲ್ಲ, ಬೇಗ ಕಂದುವುದೂ ಇಲ್ಲ.

ಇಲ್ಲೊಂದು ಸಣ್ಣ ಎಡವಟ್ಟು ಎಲ್ಲರೂ ಮಾಡುತ್ತಾರೆ. ನೆನೆದ ಮೇಲೆ ಪಾತ್ರೆಯನ್ನು ಹಾಗೇ ಜಾಲರಿಗೆ ಬಗ್ಗಿಸುತ್ತಾರೆ. ತಳದಲ್ಲಿ ಬೆಳ್ಳಗೆ ಕೂತಿದ್ದ ಪಿಷ್ಟವೆಲ್ಲ ಮತ್ತೆ ಬಿಲ್ಲೆಗಳ ಮೇಲೇ ಸುರಿಯುತ್ತದೆ. ಕೈಯಿಂದ ಎತ್ತಿ ಎತ್ತಿ ಜಾಲರಿಗೆ ಹಾಕಿ, ಪಾತ್ರೆಯ ತಳವನ್ನು ಕಲಕಬೇಡಿ.

4. ಒಣಗಿಸುವುದು

ಈ ಇಡೀ ಲೇಖನ ಬರೆದದ್ದೇ ಈ ಹಂತಕ್ಕಾಗಿ. ಬೇಕಿದ್ದರೆ ಉಳಿದದ್ದನ್ನು ಮರೆತುಬಿಡಿ, ಇದನ್ನು ಮರೆಯಬೇಡಿ.

ಆಲೂಗಡ್ಡೆಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಅರ್ಧ ಕಿಲೋದಲ್ಲಿ ಸುಮಾರು 400 ಗ್ರಾಂ ನೀರೇ ಎಂದಾಯಿತು. ಗರಿಗರಿ ಎಂದರೆ ಅದರಲ್ಲಿ ಬಹುಪಾಲನ್ನು ಹೊರಗೆ ಕಳಿಸುವುದು, ಬೇರೇನೂ ಅಲ್ಲ. ಬಿಲ್ಲೆಯ ಮೈ ಮೇಲೆ ನೀರಿರುವಷ್ಟು ಹೊತ್ತು ಆ ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಓವನ್ನಿನ ಗುಂಡಿಯನ್ನು ನೀವು ಎಷ್ಟಕ್ಕೆ ತಿರುಗಿಸಿದ್ದರೂ ಸರಿ. ಹೊಂಬಣ್ಣವೂ ಹುರಿದ ಘಮವೂ ಬರಬೇಕಾದರೆ ಮೈ 140 ಡಿಗ್ರಿಯ ಆಸುಪಾಸಿಗೆ ಏರಬೇಕು. ಇನ್ನೊಂದು ತೊಡಕೆಂದರೆ, ತಣ್ಣಗೆ ಕೊರೆಯುವ ನೀರನ್ನು ಕುದಿಯುವವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರನ್ನು ಹಬೆಯಾಗಿಸಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ನೀವು ಒರೆಸದೆ ಬಿಟ್ಟ ಒಂದೊಂದು ಚಮಚ ನೀರಿಗೂ ಓವನ್ ಈ ದಂಡ ತೆರುತ್ತದೆ. ಅಷ್ಟರಲ್ಲಿ ಬಿಲ್ಲೆಯೊಳಗಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗಿ ಟ್ರೇಯನ್ನು ಕಚ್ಚಿಕೊಂಡಿರುತ್ತದೆ.

ಹಾಗಾಗಿ ಹೀಗೆ ಮಾಡಿ. ಜಾಲರಿಯಲ್ಲಿ ಐದು ನಿಮಿಷ ಬಸಿಯಲು ಬಿಡಿ. ಮೇಜಿನ ಮೇಲೆ ಒಂದು ಬಟ್ಟೆ ಹರಡಿ, ಬಿಲ್ಲೆಗಳನ್ನು ಒಂದೇ ಪದರದಲ್ಲಿ ಜೋಡಿಸಿ. ಒಂದು ಪದರ ಎಂದರೆ ಒಂದೇ ಪದರ, ಜಾಗ ಸಾಲದಿದ್ದರೆ ಇನ್ನೊಂದು ಸರದಿ. ಮೇಲೆ ಎರಡನೇ ಬಟ್ಟೆ ಹೊದಿಸಿ ಅಂಗೈಯಿಂದ ಒತ್ತಿ. ತಿಕ್ಕಬೇಡಿ, ಬಿಲ್ಲೆ ಮುರಿಯುತ್ತದೆ. ಆಮೇಲೆ ಎರಡೂ ಬಟ್ಟೆಯನ್ನು ಸೇರಿಸಿ ಚಾಪೆ ಸುತ್ತಿದಂತೆ ಸುತ್ತಿ ಮೆಲ್ಲಗೆ ಅದುಮಿ. ಬಿಚ್ಚಿದಾಗ ಬಟ್ಟೆಯ ಮೇಲೆ ಗುಂಡುಗುಂಡಾಗಿ ಒದ್ದೆಯ ಅಚ್ಚುಗಳು ಕಾಣುತ್ತವೆ. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದೇ ತಪ್ಪು. ಬಿಲ್ಲೆಗಳನ್ನು ಬಟ್ಟೆಯ ಒಣಗಿದ ಭಾಗಕ್ಕೆ ಸರಿಸಿ, ಮಗುಚಿ, ಹತ್ತು ನಿಮಿಷ ಗಾಳಿಗೆ ಬಿಡಿ, ಫ್ಯಾನ್ ಕೆಳಗಾದರೆ ಇನ್ನೂ ಒಳ್ಳೆಯದು.

ಸಾಕಷ್ಟು ಒಣಗಿತೋ ಇಲ್ಲವೋ ತಿಳಿಯುವುದಕ್ಕೆ ಒಂದು ಬಿಲ್ಲೆಯನ್ನು ಕೆನ್ನೆಗೆ ಮುಟ್ಟಿಸಿ. ತಣ್ಣಗಿರಬಹುದು, ಒದ್ದೆ ಅನಿಸಬಾರದು. ಕಣ್ಣಿಗೂ ಗೊತ್ತಾಗುತ್ತದೆ: ಒದ್ದೆ ಬಿಲ್ಲೆ ಬೆಳಕಿಗೆ ಮಿಂಚುತ್ತದೆ, ಒಣಗಿದ್ದು ಸೀಮೆಸುಣ್ಣದ ಹಾಗೆ ಮಂಕಾಗಿರುತ್ತದೆ. ನಂಬಿಕೆ ಬಾರದವರು ಒರೆಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬಟ್ಟೆಯನ್ನು ತೂಗಿ ನೋಡಿ. ಆ ನೀರೆಲ್ಲ ಓವನ್ನಿನೊಳಗೆ ಹಬೆಯಾಗಿ ಸುತ್ತಬೇಕಿತ್ತು.

ಟಿಶ್ಯೂ ಕಾಗದ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ, ಅರ್ಧ ಸುರುಳಿ ಮುಗಿಯುತ್ತದೆ, ಚೂರುಗಳು ಬಿಲ್ಲೆಗೆ ಅಂಟುತ್ತವೆ. ಕಾರ್ನ್‌ಫ್ಲೋರ್ ಉದುರಿಸಿ ಒದ್ದೆ ಮರೆಮಾಚುವ ಉಪಾಯವೂ ಉಂಟು. ಗರಿ ಬರುತ್ತದೆ, ಆದರೆ ನಾಲಗೆಗೆ ಸಿಗುವುದು ಹಿಟ್ಟಿನ ಗರಿ. ಇನ್ನು ಕುದಿಯುವ ನೀರಿಗೆ ಅಡುಗೆ ಸೋಡ ಹಾಕಿ ಮೊದಲೇ ಬೇಯಿಸುವ ಕ್ರಮ ದಪ್ಪ ಹೋಳುಗಳಿಗೆ ಹೇಳಿ ಮಾಡಿಸಿದ್ದು. ಸೋಡ ಆಲೂಗಡ್ಡೆಯ ಮೈಯನ್ನು ಸಡಿಲಿಸಿ ಒರಟು ಮಾಡುತ್ತದೆ. 3 ಮಿಲಿಮೀಟರ್ ಬಿಲ್ಲೆಯಲ್ಲಿ ಸಡಿಲವಾಗಲು ಉಳಿದದ್ದಾದರೂ ಏನು? ಗಂಜಿಯಾಗುತ್ತದೆ.

5. ಓವನ್ ಕಾಯಿಸುವುದು

200 ಡಿಗ್ರಿ, ಫ್ಯಾನ್ ಇರುವ ಓವನ್ ಆದರೆ 180. ಬಿಲ್ಲೆ ಗಾಳಿಗೆ ಆರುತ್ತಿರುವಾಗಲೇ ಹಚ್ಚಿಬಿಡಿ. ದೀಪ ಆರಿದ ಕೂಡಲೇ ಕಾದಿದೆ ಎಂದು ನಂಬಬೇಡಿ, ಒಳಗಿನ ಗೋಡೆಗಳೂ ಕಾಯಬೇಕು, ಇನ್ನೂ ಹತ್ತು ನಿಮಿಷ ಬಿಡಿ.

6. ಎಣ್ಣೆ ಸವರಿ ಜೋಡಿಸುವುದು

ಎಣ್ಣೆಯನ್ನು ಟ್ರೇ ಮೇಲೆ ಸುರಿಯುವುದಕ್ಕಿಂತ ಅಗಲ ಪಾತ್ರೆಯಲ್ಲಿ ಬಿಲ್ಲೆಗಳಿಗೇ ಹಾಕಿ ಕೈಯಿಂದ ಕಲಸಿ. ಪ್ರತಿಯೊಂದಕ್ಕೂ ಎರಡೂ ಕಡೆ ತೆಳುವಾಗಿ ಹತ್ತಬೇಕು, ಪಾತ್ರೆಯ ತಳದಲ್ಲಿ ಎಣ್ಣೆ ನಿಲ್ಲಬಾರದು. ಎಣ್ಣೆಯೇ ಇಲ್ಲದೆ ಮಾಡುತ್ತೇವೆ ಎನ್ನುವವರಿಗೆ ನಮಸ್ಕಾರ. ಆಗ ಸಿಗುವುದು ಒಣಗಿದ ತೊಗಲು. ಟ್ರೇಯ ಬಿಸಿಯನ್ನು ಬಿಲ್ಲೆಯ ಮೈಗೆ ಸಮನಾಗಿ ದಾಟಿಸುವುದೇ ಎಣ್ಣೆ. ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯನ್ನು ಮಾತ್ರ ದೂರವಿಡಿ. ಅದರಲ್ಲಿ ಸೇರಿಸಿದ ಲೆಸಿಥಿನ್ ಎಂಬ ಪದಾರ್ಥ ನಾನ್‌ಸ್ಟಿಕ್ ಟ್ರೇ ಮೇಲೆ ಕಂದು ಗೋಂದಿನಂತೆ ಕೂರುತ್ತದೆ. ನನ್ನದೊಂದು ಟ್ರೇ ಹಾಗೇ ಹಾಳಾಯಿತು, ಉಜ್ಜಿ ಉಜ್ಜಿ ಕೈ ಸೋತು ಬಿಟ್ಟೆ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ. ಮೇಣದ ಕಾಗದವೂ ನೋಡಲು ಅದರಂತೆಯೇ ಇರುತ್ತದೆ. ಅದನ್ನು ಹಾಕಿದರೆ ಮೇಣ ಕರಗಿ ಹೊಗೆಯೇಳುತ್ತದೆ, ಡಬ್ಬಿಯ ಮೇಲಿನದನ್ನು ಓದಿ ತನ್ನಿ. ಅಲ್ಯುಮಿನಿಯಂ ಹಾಳೆಗೆ ಬಿಲ್ಲೆ ಅಂಟುತ್ತದೆ, ಹಾಳೆ ಸಮೇತ ತಿನ್ನುವ ಉಮೇದಿದ್ದರೆ ಸರಿ.

ಈಗ ಜೋಡಣೆ. ಐದು ಸೆಂಟಿಮೀಟರ್ ಅಗಲದ ಗಡ್ಡೆಯಾದರೆ ಅರ್ಧ ಕಿಲೋಗೆ ಎಪ್ಪತ್ತೈದು, ಎಂಬತ್ತು ಬಿಲ್ಲೆ ಬರುತ್ತವೆ. 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಟ್ರೇಯಲ್ಲಿ ನಡುವೆ ಕಿರುಬೆರಳು ತೂರುವಷ್ಟು ಜಾಗ ಬಿಟ್ಟರೆ ನಲವತ್ತೂ ಹಿಡಿಯುವುದು ಕಷ್ಟ. ಎರಡು ಟ್ರೇ ಬೇಕು ಎಂದದ್ದು ಅದಕ್ಕೇ. ನಾಲ್ಕೇ ನಾಲ್ಕು ಉಳಿದಿವೆ, ಸಂದಿಯಲ್ಲಿ ತುರುಕೋಣ ಎಂಬ ಆಸೆ ಬರುತ್ತದೆ. ಆ ನಾಲ್ಕು ತಮ್ಮ ಸುತ್ತಲಿನ ಹನ್ನೆರಡನ್ನೂ ಕೆಡಿಸುತ್ತವೆ, ಹಬೆ ಮೇಲೇಳಲು ದಾರಿಯಿರುವುದಿಲ್ಲ.

ಉಪ್ಪು ಈಗಲೇ ಬೇಡ. ಉಪ್ಪು ಬಿದ್ದ ಕಡೆ ಬಿಲ್ಲೆ ನೀರು ಬಿಡುತ್ತದೆ, ಬಟ್ಟೆ ಹಿಡಿದು ಇಷ್ಟು ಹೊತ್ತು ಒದ್ದಾಡಿದ್ದು ಎರಡು ನಿಮಿಷದಲ್ಲಿ ದಂಡ. ಖಾರದ ಪುಡಿ, ಬೆಳ್ಳುಳ್ಳಿ ಪುಡಿಯೂ ಬೇಡ, 200 ಡಿಗ್ರಿಯಲ್ಲಿ ಅವು ಆಲೂಗಡ್ಡೆಗಿಂತ ಮೊದಲೇ ಸೀದು ಕಮಟುತ್ತವೆ.

7. ಹುರಿಯುವುದು

ಒಂದು ಟ್ರೇ ಮೇಲಿನ ಸಾಲಿಗೆ, ಒಂದು ಕೆಳಗಿನ ಸಾಲಿಗೆ. ಹದಿನೈದು ನಿಮಿಷಕ್ಕೆ ಬಾಗಿಲು ತೆರೆಯಿರಿ, ಮುಖ ಹಿಂದಿಟ್ಟುಕೊಳ್ಳಿ, ಹಬೆ ರಪ್ಪನೆ ಬಡಿಯುತ್ತದೆ. ತೆಳುವಾದ ಮಗುಚುವ ಕೈಯಿಂದ ಒಂದೊಂದನ್ನೇ ತಿರುಗಿಸಿ. ಸುಲಭವಾಗಿ ಎದ್ದು ಬರದಿದ್ದರೆ ಕೆರೆಯಬೇಡಿ, ತಳ ಇನ್ನೂ ಗಟ್ಟಿಯಾಗಿಲ್ಲ ಎಂದರ್ಥ, ಎರಡು ನಿಮಿಷ ಬಿಟ್ಟು ನೋಡಿ. ತಿರುಗಿಸಿದ ಮೇಲೆ ಟ್ರೇಗಳ ಜಾಗ ಅದಲುಬದಲು ಮಾಡಿ.

ಮುಂದಿನ ಹತ್ತರಿಂದ ಹದಿನೈದು ನಿಮಿಷ ಅಡುಗೆಮನೆ ಬಿಟ್ಟು ಕದಲಬಾರದು. ಬಿಲ್ಲೆಗಳು ಒಟ್ಟಿಗೆ ಆಗುವುದಿಲ್ಲ, ಮೂಲೆಯವು ಮೊದಲು, ನಡುವಿನವು ಆಮೇಲೆ. ಆದದ್ದನ್ನು ಆದಂತೆ ಎತ್ತಿಬಿಡಿ. ಬಣ್ಣ ಹೊಂಬಣ್ಣಕ್ಕೆ ನಿಲ್ಲಬೇಕು, ಕಡುಕಂದಿಗೆ ಹೋಗಬಾರದು. ಇದು ರುಚಿಯ ಮಾತಷ್ಟೇ ಅಲ್ಲ. ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಹುರಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ನೆನೆಸುವುದು, ಫ್ರಿಜ್ಜಿನಲ್ಲಿ ಇಡದಿರುವುದು ಎರಡರಿಂದಲೂ ಅದು ತಗ್ಗುತ್ತದೆ.

ಹೊಂಬಣ್ಣ ಬಂದಿದೆ, ನಡು ಇನ್ನೂ ಬಾಗುತ್ತಿದೆ ಅನಿಸಿದರೆ ಓವನ್ ಆರಿಸಿ, ಬಾಗಿಲಿಗೆ ಮರದ ಸೌಟಿನ ಹಿಡಿ ಸಿಕ್ಕಿಸಿ ಸ್ವಲ್ಪ ತೆರೆದಿಡಿ. ಹತ್ತು ನಿಮಿಷದಲ್ಲಿ ಉಳಿದ ತೇವವೂ ಹೋಗುತ್ತದೆ, ಬಣ್ಣ ಮುಂದಕ್ಕೆ ಹೋಗುವುದಿಲ್ಲ.

8. ಆರಿಸುವುದು

ತಂತಿಯ ಜಾಲರಿ ಮೇಲೆ ಹರಡಿ, ಬಿಸಿಯಿರುವಾಗಲೇ ಪುಡಿ ಉಪ್ಪು, ಖಾರ ಉದುರಿಸಿ. ಮೈ ಮೇಲಿನ ಎಣ್ಣೆ ಅದನ್ನು ಹಿಡಿದುಕೊಳ್ಳುತ್ತದೆ. ಬಟ್ಟಲಿಗೆ ಸುರಿದು ತಟ್ಟೆ ಮುಚ್ಚಿ "ಎಲ್ಲರೂ ಬರಲಿ" ಎಂದು ಕಾದರೆ ಐದು ನಿಮಿಷದಲ್ಲಿ ಮತ್ತೆ ಮೆತ್ತಗಾಗುತ್ತದೆ. ಹಾಗಾದರೆ 180 ಡಿಗ್ರಿ ಓವನ್ನಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆಯಿರಿ, ಮೈಕ್ರೋವೇವ್ ಕಡೆ ತಲೆಹಾಕಬೇಡಿ. ಉಳಿದರೆ ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬಹುದು. ಅತ್ತಿಗೆ ಎರಡನೇ ಸಲ ಮಾಡಿದಾಗ ಆ ಪ್ರಮೇಯವೇ ಬರಲಿಲ್ಲ, ಜಾಲರಿಯಿಂದಲೇ ಖಾಲಿಯಾದವು.

ಇನ್ನು ಆ ಎರಡು ಬಟ್ಟೆಗಳು. ಒಣಗಿದ ಮೇಲೆ ನೋಡಿದರೆ ಗಂಜಿ ಹಾಕಿದಂತೆ ಬಿರುಸಾಗಿರುತ್ತವೆ. ಅದೇ ಪಿಷ್ಟ. ಬಿಸಿನೀರಿಗೆ ಹಾಕಿದರೆ ಇನ್ನಷ್ಟು ಅಂಟಾಗುತ್ತದೆ, ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ.