ಅಪೀಲು ಬಾಕಿ ಇರುವಾಗ ಆರೋಪಿ ತೀರಿಕೊಂಡರೆ ಮನೆಯವರು ಏನು ಮಾಡಬೇಕು?

‘ಅವರೇ ಹೋದ ಮೇಲೆ ಇನ್ನೆಂಥ ಕೇಸು?’ ಎಂದು ಸುಮ್ಮನಾಗಬೇಡಿ. ಕಾಸರಗೋಡಿನ ಸೆಷನ್ಸ್ ಕೋರ್ಟ್ ಜೈಲುಶಿಕ್ಷೆ ಕೊಟ್ಟಿದೆ, ಎರ್ನಾಕುಳಂನ ಹೈಕೋರ್ಟಿನಲ್ಲಿ ಅಪೀಲು ಇದೆ ಎಂದುಕೊಳ್ಳಿ. ಅಷ್ಟರಲ್ಲಿ ಆರೋಪಿ ತೀರಿಕೊಂಡರೆ ಮುಗಿಯುವುದು ಅಪೀಲು ಮಾತ್ರ. ತಪ್ಪಿತಸ್ಥ ಎಂಬ ತೀರ್ಪು ಹಾಗೇ ಉಳಿಯುತ್ತದೆ. ಆ ಹೆಸರು ಅಳಿಸಲು ಮನೆಯವರೇ ಮುಂದೆ ಬರಬೇಕು.

ಮೊದಲು ದಿನ ಲೆಕ್ಕ ಹಾಕಿ. ತೀರಿಕೊಂಡು 30 ದಿನದೊಳಗೆ, ಅಪೀಲು ಮುಂದುವರಿಸಲು ಅನುಮತಿ ಕೇಳಿ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹಳೆಯ ಕಾನೂನು ಸಿಆರ್‌ಪಿಸಿಯ 394ನೇ ಸೆಕ್ಷನ್, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 435, ಎರಡೂ ಹೇಳುವುದು ಇದನ್ನೇ. ಉತ್ತರಕ್ರಿಯೆ ಮುಗಿಯುವಷ್ಟರಲ್ಲಿ ಅರ್ಧ ತಿಂಗಳು ಕಳೆದಿರುತ್ತದೆ, ಅಲ್ವಾ? ಮೊದಲ ವಾರವೇ ವಕೀಲರಿಗೆ ಫೋನ್ ಮಾಡಿ.

ಅರ್ಜಿ ಹಾಕಬಹುದಾದವರು ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು. ತಾಯಿಯ ಕಡೆಯಿಂದ ಮನೆತನ ಮುಂದುವರಿಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವನ ಕೋರ್ಟು ಕಚೇರಿಯ ಓಡಾಟವೆಲ್ಲ ಸೋದರಳಿಯನದ್ದೇ. ಆದರೆ ಈ ಪಟ್ಟಿಯಲ್ಲಿ ಅವನಿಲ್ಲ. ಓಡಾಟ ಅವನು ಮಾಡಲಿ, ಸಹಿ ಅವನ ತಾಯಿ, ಅಂದರೆ ತೀರಿಕೊಂಡವರ ಅಕ್ಕ ಅಥವಾ ತಂಗಿ, ಹಾಕಲಿ.

ಇನ್ನು ಮರಣ ಪ್ರಮಾಣಪತ್ರ. ದಿನ ಹಾಳಾಗುವುದು ಇಲ್ಲೇ. ಸಾವು ಎಲ್ಲಾಯಿತೋ ನೋಂದಣಿ ಅಲ್ಲೇ. ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ನಿಮ್ಮ ಪಂಚಾಯತಿಯಲ್ಲಿ ಕೇಳಿ ಫಲವಿಲ್ಲ, ಮಂಗಳೂರಿನಿಂದಲೇ ತರಿಸಬೇಕು. ಕೈಗೆ ಬಂದ ಕೂಡಲೇ ಹೆಸರು, ಇನಿಶಿಯಲ್ಲು, ಮನೆತನದ ಹೆಸರನ್ನು ತೀರ್ಪಿನ ಪ್ರತಿಯ ಜೊತೆ ಹೋಲಿಸಿ ನೋಡಿ. ಒಂದು ಅಕ್ಷರ ವ್ಯತ್ಯಾಸವಿದ್ದರೂ ವಕೀಲರಿಗೆ ತಿಳಿಸಿ. ಸಂಬಂಧ ತೋರಿಸುವ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಹೋಗಿ.

ಶಿಕ್ಷೆಯಲ್ಲಿ ದಂಡವೂ ಇದ್ದರೆ ಲೆಕ್ಕ ಬೇರೆ. ದಂಡ ಸತ್ತವರ ಆಸ್ತಿಯ ಮೇಲೆ ಬೀಳುತ್ತದೆ. ಹಾಗಾಗಿ ಅಂಥ ಅಪೀಲು ಸಾವಿನಿಂದ ಮುಗಿಯುವುದಿಲ್ಲ. ಒಂದು ಲಕ್ಷ ರೂಪಾಯಿ ದಂಡವಿದ್ದ ಕೇರಳದ ಅಬಕಾರಿ ಕೇಸಿನಲ್ಲಿ, ವಾರಸುದಾರರ ಮಾತು ಕೇಳಿಯೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೂ 30 ದಿನದೊಳಗೆ ಅರ್ಜಿ ಹಾಕಿಬಿಡುವುದೇ ಕ್ಷೇಮ.

ಖುಲಾಸೆಯ ವಿರುದ್ಧ ಸರ್ಕಾರವೇ ಅಪೀಲು ಹೋಗಿದ್ದರೆ, ಆರೋಪಿಯ ಸಾವಿನೊಂದಿಗೆ ಅವರ ಮಟ್ಟಿಗೆ ಅದು ಮುಗಿಯಿತು. ಜಯಲಲಿತಾ ಅವರ ವಿರುದ್ಧ ಕರ್ನಾಟಕ ಸಲ್ಲಿಸಿದ್ದ ಅಪೀಲು 2017ರಲ್ಲಿ ಮುಗಿದದ್ದು ಹೀಗೆಯೇ.

ವಕೀಲರ ಖರ್ಚಿಗೆ ಹೆದರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತೀರ್ಪಿನ ಪ್ರತಿ ಹಿಡಿದು ಕಾಸರಗೋಡು ವಿದ್ಯಾನಗರದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೈಕೋರ್ಟಿನಲ್ಲಿ ಅಪೀಲು ಇದೆ ಎಂದು ಮೊದಲೇ ಹೇಳಿ.