ಈಸ್ಟ್ ಹಾಕಿದ ಬಾರಾ ಬ್ರೀತ್: ನನ್ನ ಅನುಭವ

ಬಾರಾ ಬ್ರೀತ್ ಅಂದರೆ ವೇಲ್ಸ್‌ನವರು ಒಣಹಣ್ಣು ಹಾಕಿ ಮಾಡುವ ಸಿಹಿ ತಿನಿಸು. ವೇಲ್ಸ್‌ನ ಕಾರ್ಡಿಫ್‌ಗೆ ಬಂದ ಹೊಸದರಲ್ಲಿ ನಾನು ತಿಂದ ಬಾರಾ ಬ್ರೀತ್ ಎಲ್ಲಾ ಕೇಕ್ ಥರದ್ದು. ಟೀಯಲ್ಲಿ ನೆನೆಸಿದ ಒಣದ್ರಾಕ್ಷಿಗೆ ಸೆಲ್ಫ್ ರೈಸಿಂಗ್ ಮೈದಾ (ಬೇಕಿಂಗ್ ಪೌಡರ್ ಮೊದಲೇ ಬೆರೆತಿರುವುದು), ಸಕ್ಕರೆ, ಮೊಟ್ಟೆ ಕಲಸಿ ಓವನ್‌ಗೆ ಇಟ್ಟರೆ ಆಯ್ತು. ಅದೂ ರುಚಿಯೇ. ಆದರೆ ವೆಲ್ಷ್ ಭಾಷೆಯಲ್ಲಿ ಬಾರಾ ಅಂದರೆ ಬ್ರೆಡ್, ಬ್ರೀತ್ ಅಂದರೆ ಚುಕ್ಕೆಚುಕ್ಕೆ ಇರುವಂಥದ್ದು. ಹೆಸರಲ್ಲೇ ಬ್ರೆಡ್ ಇದೆ ಅಲ್ವಾ? ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಹಿಂದೆ ಬ್ರೆಡ್ ಸುಡುವ ದಿನ ಒಂದಿಷ್ಟು ಹಿಟ್ಟು ಉಳಿಸಿಕೊಂಡು, ಅದಕ್ಕೆ ಒಣಹಣ್ಣು, ಮಸಾಲೆ ಸೇರಿಸಿ, ಒಲೆಯ ಕಾವು ಇಳಿಯುತ್ತಿರುವಾಗ ಒಳಗಿಡುತ್ತಿದ್ದರಂತೆ. ನನಗೂ ಅದೇ ಬೇಕಿತ್ತು, ಈಸ್ಟ್ ಹಾಕಿದ್ದು.

ಮೊದಲ ಸಲ ಪೂರ್ತಿ ಕೆಟ್ಟಿತು. ಹಣ್ಣು, ಮಸಾಲೆ, ಸಕ್ಕರೆ ಎಲ್ಲಾ ಒಟ್ಟಿಗೇ ಸುರಿದು ನಾದಿದೆ. ಮೂರು ಗಂಟೆ ಕಾದರೂ ಹಿಟ್ಟು ಅಲ್ಲಾಡಲಿಲ್ಲ. ಹಣ್ಣು ನೀರು ಬಿಟ್ಟುಕೊಂಡು ಅಂಟಂಟಾಯಿತು. ಸುಟ್ಟ ಮೇಲೆ ಅಂಚು ಗಟ್ಟಿ, ನಡುವೆ ಹಸಿ. ಬಹಳ ಬೇಜಾರಾಯಿತು. ಆಮೇಲೆ ಕಾರಣ ಹುಡುಕಿದೆ. ದಾಲ್ಚಿನ್ನಿ ಜಾಸ್ತಿಯಾದರೆ ಈಸ್ಟನ್ನು ತಡೆಯುತ್ತದೆ, ಸಕ್ಕರೆ ಹೆಚ್ಚಾದರೆ ಈಸ್ಟ್‌ಗೆ ಬೇಕಾದ ನೀರನ್ನೇ ಎಳೆದುಕೊಳ್ಳುತ್ತದೆ, ಮೇಲಿಂದ ಹಣ್ಣಿನ ಭಾರ ಬೇರೆ. ಹಾಗಾಗಿ ಈಗ ಹಿಟ್ಟು ಒಂದು ಸಲ ಉಬ್ಬಿದ ಮೇಲೇ ಹಣ್ಣು ಮತ್ತು ಮಸಾಲೆ ಸೇರಿಸುತ್ತೇನೆ. ಇದೊಂದು ಬದಲಾವಣೆಯಿಂದಲೇ ನನ್ನ ಬ್ರೆಡ್ ಬ್ರೆಡ್ ಆಯಿತು.

ಹಿಂದಿನ ರಾತ್ರಿ 300 ಗ್ರಾಂ ಒಣಹಣ್ಣನ್ನು 300 ಮಿ.ಲೀ. ಬಿಸಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿಡುತ್ತೇನೆ. ಕಪ್ಪು ದ್ರಾಕ್ಷಿ, ಹೊಂಬಣ್ಣದ ದ್ರಾಕ್ಷಿ, ಚೂರು ಕಿತ್ತಳೆ ಸಿಪ್ಪೆ. ಡಿಕಾಕ್ಷನ್ ಚೆನ್ನಾಗಿ ಕಡು ಇರಲಿ, ಹಾಲು ಬೇಡ. ಬೆಳಿಗ್ಗೆ ಸೋಸಿ, ಹಣ್ಣನ್ನು ಬಟ್ಟೆಯ ಮೇಲೆ ಹರಡಿ ಒರೆಸಬೇಕು. ಈ ಒರೆಸುವ ಕೆಲಸ ಬಿಡಬೇಡಿ. ಸೋಸಿದ ಟೀಯನ್ನೂ ಚೆಲ್ಲಬೇಡಿ, ಹಣ್ಣಿನ ಸಿಹಿಯೆಲ್ಲಾ ಅದರಲ್ಲಿ ಇಳಿದಿರುತ್ತದೆ.

ಹಿಟ್ಟಿಗೆ 450 ಗ್ರಾಂ ಬ್ರೆಡ್ ಮೈದಾ, 7 ಗ್ರಾಂ ಒಣ ಈಸ್ಟ್, 60 ಗ್ರಾಂ ಕಂದು ಸಕ್ಕರೆ, ಒಂದು ಚಮಚ ಉಪ್ಪು, ಒಂದು ಮೊಟ್ಟೆ. ಉಗುರುಬೆಚ್ಚಗಿನ ಹಾಲು ಮತ್ತು ಆ ಟೀ ಸೇರಿ ಸುಮಾರು 200 ಮಿ.ಲೀ. ಒಮ್ಮೆಲೇ ಸುರಿಯದೆ ಹದ ನೋಡಿಕೊಂಡು ಹಾಕಿ. 75 ಗ್ರಾಂ ಮೆತ್ತಗಿನ ಬೆಣ್ಣೆಯನ್ನು ಕೊನೆಗೆ ಸೇರಿಸಿ ಹತ್ತು ನಿಮಿಷ ನಾದುತ್ತೇನೆ. ಇಲ್ಲಿನ ಚಳಿಗೆ ಅಡುಗೆಮನೆಯಲ್ಲಿ ಸುಮ್ನೆ ಇಟ್ಟರೆ ಉಬ್ಬುವುದಿಲ್ಲ, ದೋಸೆ ಹಿಟ್ಟಿಗೆ ಮಾಡುವ ಹಾಗೆಯೇ ಓವನ್ ಬಿಸಿ ಮಾಡದೆ, ಒಳಗಿನ ಬಲ್ಬ್ ಮಾತ್ರ ಹಾಕಿ ಅದರೊಳಗೆ ಇಡುತ್ತೇನೆ. ಎರಡು ಗಂಟೆಯಲ್ಲಿ ಇಮ್ಮಡಿಯಾಗುತ್ತದೆ.

ಮಸಾಲೆಗೆ ಇಲ್ಲಿ ಮಿಕ್ಸ್ಡ್ ಸ್ಪೈಸ್ ಅಂತ ಪುಡಿ ಸಿಗುತ್ತದೆ. ದಾಲ್ಚಿನ್ನಿ, ಜಾಯಿಕಾಯಿ, ಲವಂಗ, ಶುಂಠಿ, ಜೊತೆಗೆ ಕೊತ್ತಂಬರಿ ಬೀಜ! ಸಿಹಿ ಬ್ರೆಡ್‌ಗೆ ಕೊತ್ತಂಬರಿ ಬೀಜವೇ ಅಂತ ನನಗೂ ಅನ್ನಿಸಿತ್ತು, ಆದರೆ ಅದರ ಕಿತ್ತಳೆಯಂಥ ಪರಿಮಳ ದ್ರಾಕ್ಷಿಗೆ ತುಂಬಾ ಹೊಂದುತ್ತದೆ. ನಾನು ಎಲ್ಲವನ್ನೂ ಮನೆಯಲ್ಲೇ ಕುಟ್ಟಿಕೊಳ್ಳುತ್ತೇನೆ, ಒಂದೂವರೆ ಚಮಚ ಸಾಕು. ಉಬ್ಬಿದ ಹಿಟ್ಟನ್ನು ಚಪ್ಪಟೆ ಮಾಡಿ, ಹಣ್ಣು ಮಸಾಲೆ ಹರಡಿ, ಮಡಚಿ ಮಡಚಿ ಸೇರಿಸಿ ಟಿನ್‌ಗೆ ಹಾಕುತ್ತೇನೆ. ಮೇಲೆ ಕಾಣುವ ದ್ರಾಕ್ಷಿಯನ್ನು ಒಳಗೆ ಒತ್ತಿಬಿಡಿ, ಇಲ್ಲದಿದ್ದರೆ ಕರಕಲಾಗಿ ಕಹಿಯಾಗುತ್ತದೆ. ಇನ್ನೊಂದು ಗಂಟೆ ಉಬ್ಬಲು ಬಿಟ್ಟು, 180 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಅರ್ಧದಲ್ಲಿ ಮೇಲೆ ಫಾಯಿಲ್ ಮುಚ್ಚಬೇಕು. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಿಸಿಯಿರುವಾಗಲೇ ಜೇನು ಸವರುತ್ತೇನೆ.

ಅವತ್ತೇ ಕತ್ತರಿಸಬೇಡಿ. ಮಾರನೆಯ ದಿನ ಮಸಾಲೆ ಒಳಗೆ ಹಿಡಿದಿರುತ್ತದೆ. ತೆಳ್ಳಗೆ ಹೋಳು ಮಾಡಿ ಉಪ್ಪು ಬೆಣ್ಣೆ ದಪ್ಪಗೆ ಹಚ್ಚಿ. ಕೇಕ್ ಥರದ್ದು ವಾರ ಇಟ್ಟರೂ ಮೆತ್ತಗೇ ಇರುತ್ತದೆ, ಇದು ಮೂರನೇ ದಿನಕ್ಕೇ ಒಣಗುತ್ತದೆ. ಆಗ ಕಾವಲಿಯ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ, ದ್ರಾಕ್ಷಿ ಅಂಚಿನಲ್ಲಿ ಸ್ವಲ್ಪ ಪಾಕವಾಗಿ ಅಂಟುತ್ತದೆ. ನಮ್ಮ ಮನೆಯಲ್ಲಿ ಅದಕ್ಕೇ ಕಾಯುತ್ತಾರೆ.