ಭೂಮಿಯ 800 ಕಿಮೀ ಆಳದ ಕಲ್ಲನ್ನ ಟೇಬಲ್ ಮೇಲೆ ಮಾಡೋದು ಹೇಗೆ

ಮ್ಯಾಂಟಲ್, ಅಂದ್ರೆ ಭೂಮಿಯ ಮೇಲ್ಪದರದ ಕೆಳಗಿರೋ ದಪ್ಪ ಪದರ, ಕರಗಿದ ಕಲ್ಲಿನ ಸಮುದ್ರ ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಅಲ್ಲ ಸ್ವಾಮಿ, ಹೆಚ್ಚುಕಮ್ಮಿ ಪೂರ್ತಿ ಗಟ್ಟಿ ಕಲ್ಲೇ. ಮೇಲಿನ ಭಾಗದಲ್ಲಿ ಜಾಸ್ತಿ ಇರೋದು ಆಲಿವಿನ್ ಅನ್ನೋ ಹಸಿರು ಖನಿಜ, 410 ಕಿಮೀ ಹತ್ರ ಅದು ವಾಡ್ಸ್ಲೈಟ್ ಆಗುತ್ತೆ, 520ರ ಸುಮಾರಿಗೆ ರಿಂಗ್‌ವುಡೈಟ್ ಆಗುತ್ತೆ, 660 ದಾಟಿದ್ರೆ ಒಡೆದು ಬ್ರಿಜ್‌ಮನೈಟ್ ಮತ್ತೆ ಫೆರೋಪೆರಿಕ್ಲೇಸ್ ಅಂತ ಎರಡಾಗುತ್ತೆ. ಈ ಕೊನೇ ಹೆಜ್ಜೆನ ಲ್ಯಾಬಲ್ಲಿ ನಾವೇ ಮಾಡೋದು ಹೇಗೆ ಅನ್ನೋದನ್ನ ಇಲ್ಲಿ ಬರೀತಿದೀನಿ, ಎಂಎಸ್ಸಿ ಮುಗಿಸಿ ಹೈ ಪ್ರೆಶರ್ ಲ್ಯಾಬಿಗೆ ಹೊಸದಾಗಿ ಹೋಗೋರಿಗೆ ಉಪಯೋಗ ಆಗಬಹುದು.

ಬೇಕಾಗಿರೋದು ಡೈಮಂಡ್ ಆನ್ವಿಲ್ ಸೆಲ್. ಕಮ್ಮಾರನ ಅಡಿಗಲ್ಲು ಇರುತ್ತಲ್ಲ, ಅದೇ ಕೆಲಸ ಇಲ್ಲಿ ಎರಡು ವಜ್ರ ಮಾಡುತ್ತೆ, ಚೂಪು ತುದಿನ ಸಪಾಟಾಗಿ ಕತ್ತರಿಸಿ ಎದುರುಬದುರು ಇಟ್ಟಿರ್ತಾರೆ, ಮಧ್ಯ ಸ್ಯಾಂಪಲ್. 1950ರ ದಶಕದ ಕೊನೇಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಇದನ್ನ ಮೊದಲು ಮಾಡಿದಾಗ ಕಳ್ಳಸಾಗಣೆದಾರರಿಂದ ಸರ್ಕಾರ ಹಿಡಿದಿಟ್ಟಿದ್ದ ವಜ್ರಾನೇ ಬಳಸಿದ್ರಂತೆ. ಇಡೀ ಸೆಲ್ ಅಂಗೈಯಲ್ಲಿ ಹಿಡಿಯೋಷ್ಟು. ಇಷ್ಟು ಚಿಕ್ಕದರಲ್ಲಿ ಅಷ್ಟು ಪ್ರೆಶರ್ ಹೇಗೆ ಅಂದ್ರೆ, ಭಾರ ಅಲ್ಲ ಮುಖ್ಯ, ಜಾಗ. ವಜ್ರದ ತುದಿ, ಅದಕ್ಕೆ ಕ್ಯೂಲೆಟ್ ಅಂತಾರೆ, 300 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್) ಅಗಲ ಇದ್ರೆ ಅದರ ಮೇಲೆ 24 ಗಿಗಾಪಾಸ್ಕಲ್, ಅಂದ್ರೆ 660 ಕಿಮೀ ಆಳದಲ್ಲಿರೋ ಒತ್ತಡ, ತರೋಕೆ ಬರೀ ಲೆಕ್ಕದ ಪ್ರಕಾರ 170 ಕೆಜಿ ತೂಕ ಸಾಕು, ಅಂದ್ರೆ ಇಬ್ಬರು ಮೂವರು ಹತ್ತಿ ನಿಂತಷ್ಟು. ಆ 24 ಗಿಗಾಪಾಸ್ಕಲ್ ಅಂದ್ರೆ ಗಾಳಿಯ ಒತ್ತಡದ ಸುಮಾರು 2,40,000 ಪಟ್ಟು. ನಾಲ್ಕು ಸ್ಕ್ರೂ, ಒಂದು ಅಲೆನ್ ಕೀ, ಅಷ್ಟೇ.

ಮೊದಲು ವಜ್ರಗಳನ್ನ ಅಸಿಟೋನ್ ಹಾಕಿ ಒರೆಸಿ, ಮೈಕ್ರೋಸ್ಕೋಪಲ್ಲಿ ಎರಡೂ ತುದಿ ಒಂದರ ಮೇಲೊಂದು ಸರಿಯಾಗಿ ಕೂತಿದೆಯಾ ನೋಡಿ. ಓರೆ ಇದ್ರೆ ಬಣ್ಣಬಣ್ಣದ ಪಟ್ಟೆ ಕಾಣುತ್ತೆ, ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣೋ ಹಾಗೆ, ಆ ಪಟ್ಟೆ ಹೋಗೋವರೆಗೂ ಅಡ್ಜಸ್ಟ್ ಮಾಡ್ತಾ ಇರಿ. ಇದಕ್ಕೆ ಅರ್ಧ ದಿನ ಹೋದ್ರೂ ಹೋಗ್ಲಿ. ಅವಸರ ಮಾಡಿದ್ರೆ ವಜ್ರ ಬಿರುಕು ಬಿಡುತ್ತೆ, ಬಿಲ್ ನೋಡಿದಾಗ ಗೈಡ್ ಮುಖ ಹೇಗಿರುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ಆಮೇಲೆ ಗ್ಯಾಸ್ಕೆಟ್, ಅಂದ್ರೆ ಸ್ಯಾಂಪಲ್ ಆಚೆ ಜಾರದ ಹಾಗೆ ಸುತ್ತ ಹಿಡಿಯೋ ತಗಡು. ರೀನಿಯಮ್ ಅನ್ನೋ ಗಟ್ಟಿ ಲೋಹದ ತಗಡು, 250 ಮೈಕ್ರಾನ್ ದಪ್ಪ ಇರೋದನ್ನ ವಜ್ರಗಳ ಮಧ್ಯೆ ಒತ್ತಿ 40 ಮೈಕ್ರಾನ್‌ಗೆ ಇಳಿಸಿ, ಅದರ ನಟ್ಟನಡುವೆ 100 ಮೈಕ್ರಾನ್ ತೂತು ಕೊರೀರಿ. ತೂತು ನಡುವಿಗೆ ಬರದಿದ್ರೆ ಆ ಗ್ಯಾಸ್ಕೆಟ್ ಬಿಸಾಕಿ, ಪರವಾಗಿಲ್ಲ ಬಿಡು ಅಂತ ಮುಂದೆ ಹೋದ್ರೆ ಒತ್ತಡ ಏರಿಸುವಾಗ ತೂತು ಒಂದು ಕಡೆ ಜಾರಿ ಎಲ್ಲಾ ಹಾಳಾಗುತ್ತೆ. ನಾನು ಹಾಗೆ ಎರಡು ಸಲ ಮುಂದೆ ಹೋಗಿದ್ದೆ, ಎರಡೂ ಸಲ ಹಾಳಾಯ್ತು.

ಸ್ಯಾಂಪಲ್ಲಿಗೆ ಸಾಮಾನ್ಯವಾಗಿ ಎಲ್ಲರೂ ಬಳಸೋದು ಅರಿಝೋನಾದ ಸ್ಯಾನ್ ಕಾರ್ಲೋಸ್ ಆಲಿವಿನ್. ನಮ್ಮ ಹಾಸನ ಕಡೆ ನುಗ್ಗೇಹಳ್ಳಿ ಪಟ್ಟಿಯಲ್ಲೂ ಡ್ಯುನೈಟ್, ಅಂದ್ರೆ ಬಹುಪಾಲು ಆಲಿವಿನ್ನೇ ಇರೋ ಕಲ್ಲು, ಇದೆಯಲ್ಲ ಅಂತ ಕೇಳಬಹುದು, ಇದೆ, ಆದ್ರೆ ಅದು ಬಹುಪಾಲು ನೀರು ಕುಡಿದು ಸರ್ಪೆಂಟೈನ್ ಅನ್ನೋ ಬೇರೆ ಖನಿಜ ಆಗಿಹೋಗಿದೆ, ಈ ಕೆಲಸಕ್ಕೆ ಬೇಡ. ಆಲಿವಿನ್ ಚೂರು 40-50 ಮೈಕ್ರಾನ್ ಅಗಲ, 10-15 ದಪ್ಪ ಇರಲಿ. ಮೇಲೆ ಕೆಳಗೆ ಪೊಟ್ಯಾಶಿಯಮ್ ಕ್ಲೋರೈಡ್‌ನ ತೆಳು ಬಿಲ್ಲೆ ಇಡಿ, ಓವನ್‌ನಲ್ಲಿ ಚೆನ್ನಾಗಿ ಒಣಗಿಸಿರೋದು. ಬಿಲ್ಲೆ ಯಾಕಂದ್ರೆ, ವಜ್ರ ಶಾಖಾನ ತಾಮ್ರಕ್ಕಿಂತ ಜೋರಾಗಿ ಎಳ್ಕೊಂಡು ಹೋಗುತ್ತೆ, ಸ್ಯಾಂಪಲ್ ನೇರ ವಜ್ರಕ್ಕೆ ತಾಗಿದ್ರೆ ಎಷ್ಟು ಲೇಸರ್ ಕೊಟ್ರೂ ಬಿಸಿನೇ ಆಗಲ್ಲ. ಒಂದು ಮೂಲೇಲಿ ಮಾಣಿಕ್ಯದ ಪುಟ್ಟ ಕಣ. ಇದನ್ನೆಲ್ಲ ಸೂಜಿ ತುದೀಲಿ ಎತ್ತಿ ಇಡುವಾಗ ಫ್ಯಾನ್ ಆಫ್ ಮಾಡಿ, ದಯವಿಟ್ಟು. ಮೂರು ಗಂಟೆ ಹುಡುಕಿ ಆರಿಸಿದ ಚೂರು ಒಂದು ಸೀನಿಗೆ ಹಾರಿಹೋಗಿದ್ದನ್ನ ಕಣ್ಣಾರೆ ನೋಡಿದೀನಿ.

ಸೆಲ್ ಮುಚ್ಚಿ ಸ್ಕ್ರೂಗಳನ್ನ ಎದುರುಬದುರಾಗಿ ಒಂದೊಂದು ಚೂರೇ ತಿರುಗಿಸ್ತಾ ಬನ್ನಿ, ಮಧ್ಯ ಮಧ್ಯ ಮಾಣಿಕ್ಯದ ಮೇಲೆ ಹಸಿರು ಲೇಸರ್ ಬಿಟ್ಟು ಒತ್ತಡ ಓದಿ. ಮಾಣಿಕ್ಯದೊಳಗಿನ ಕ್ರೋಮಿಯಮ್ ಹೊಳೆಯೋ ಕೆಂಪು ಗೆರೆ ಮಾಮೂಲಿ ಒತ್ತಡದಲ್ಲಿ 694.2 ನ್ಯಾನೋಮೀಟರ್‌ನಲ್ಲಿರುತ್ತೆ, 30 ಗಿಗಾಪಾಸ್ಕಲ್‌ಗೆ ಬಂದಾಗ ಅದು 704.6ರ ಹತ್ರ ಸರಿದಿರುತ್ತೆ. 30 ಅಂದ್ರೆ ಹೆಚ್ಚುಕಮ್ಮಿ 800 ಕಿಮೀ ಆಳ, ನಮಗೆ ಅಷ್ಟು ಸಾಕು.

ಈಗ ಮಜಾ ನೋಡಿ. ಇಷ್ಟು ಒತ್ತಿದ್ರೂ ಆಲಿವಿನ್ ಆಲಿವಿನ್ ಆಗೇ ಕೂತಿರುತ್ತೆ! ನಾನು ಮೊದಲ ಸಲ ಎಕ್ಸ್‌ರೇ ಪ್ಯಾಟರ್ನ್ (ಎಕ್ಸ್‌ರೇ ಬಿಟ್ಟಾಗ ಒಂದೊಂದು ಖನಿಜಕ್ಕೂ ಬೇರೆ ಬೇರೆ ಥರ ಬರೋ ಗೆರೆಗಳು) ನೋಡಿ ಏನೋ ತಪ್ಪು ಮಾಡಿದೀನಿ ಅಂದ್ಕೊಂಡೆ. ತಪ್ಪಲ್ಲ. ಆಲಿವಿನ್‌ನಲ್ಲಿ ಒಂದೊಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ಇರುತ್ತೆ, ಬ್ರಿಜ್‌ಮನೈಟ್‌ನಲ್ಲಿ ಆರು, ನಾಲ್ಕು ಆರಾಗಬೇಕಾದ್ರೆ ಇರೋ ಬಾಂಡ್ ಮುರಿದು ಪರಮಾಣುಗಳು ಜಾಗ ಬದಲಾಯಿಸ್ಬೇಕು, ತಣ್ಣಗಿರುವಾಗ ಅವಕ್ಕೆ ಅಷ್ಟು ಶಕ್ತಿ ಇರಲ್ಲ. ತುಂಬಿದ ಬಸ್ಸಲ್ಲಿ ಹಿಂದಿನಿಂದ ಎಷ್ಟೇ ತಳ್ಳಿದ್ರೂ ಜನ ಅಲ್ಲಲ್ಲೇ ಸಿಕ್ಕಾಕೊಂಡಿರ್ತಾರೆ, ಬಸ್ ಒಂದು ಸಲ ಜೋರಾಗಿ ಕುಲುಕಿದಾಗ ಎಲ್ಲರೂ ಹೊಂದ್ಕೊಂಡು ಇನ್ನೂ ನಾಲ್ಕು ಜನಕ್ಕೆ ಜಾಗ ಆಗುತ್ತಲ್ಲ, ಆ ಕುಲುಕಾಟಾನೇ ಶಾಖ.

ಅದನ್ನ ಕೊಡೋದು ಲೇಸರ್. 1064 ನ್ಯಾನೋಮೀಟರ್‌ನ ಇನ್ಫ್ರಾರೆಡ್ ಲೇಸರ್, ಎರಡೂ ಕಡೆಯಿಂದ ಬಿಡಿ, ಒಂದೇ ಕಡೆ ಬಿಟ್ರೆ ಹಿಂಭಾಗ ತಣ್ಣಗೆ ಉಳಿಯುತ್ತೆ. ಕಣ್ಣಿಗೆ ಕಾಣದ ಬೆಳಕು ಅದು, ಕಾಣ್ತಿಲ್ಲ ಅಂತ ಗಾಗಲ್ಸ್ ತೆಗೀಬೇಡಿ, ಕಣ್ಣು ಹೋಗುತ್ತೆ. ಆಲಿವಿನ್‌ನಲ್ಲಿರೋ ಕಬ್ಬಿಣ ಈ ಬೆಳಕನ್ನ ಹೀರ್ಕೊಳ್ಳುತ್ತೆ, ಕಬ್ಬಿಣ ಇಲ್ಲದ ಶುದ್ಧ ಮೆಗ್ನೀಶಿಯಮ್ ಸ್ಯಾಂಪಲ್ ಆದ್ರೆ ಪ್ಲಾಟಿನಮ್ ಪುಡಿ ಬೆರೆಸ್ಬೇಕಾಗುತ್ತೆ. ಪವರ್ ನಿಧಾನ ಏರಿಸಿ, ಮೊದಲು ಮಂಕು ಕೆಂಪು, ಆಮೇಲೆ ಹಳದಿ ಬಿಳಿ. ಆ ಹೊಳಪಿನ ಸ್ಪೆಕ್ಟ್ರಮ್‌ಗೆ ಪ್ಲಾಂಕ್ ಸೂತ್ರ (ಬಿಸಿ ವಸ್ತು ಯಾವ ಬಣ್ಣದಲ್ಲಿ ಎಷ್ಟು ಹೊಳೆಯುತ್ತೆ ಅನ್ನೋ ಲೆಕ್ಕ) ಹೊಂದಿಸಿದ್ರೆ ತಾಪಮಾನ ಸಿಗುತ್ತೆ, ಬಹಳ ಕರಾರುವಾಕ್ಕು ಅಂತ ಭ್ರಮೆ ಬೇಡ, ನೂರು ಕೆಲ್ವಿನ್ ಆಚೀಚೆ ಇದ್ದೇ ಇರುತ್ತೆ. 2000 ಕೆಲ್ವಿನ್ ಹತ್ರ 15-20 ನಿಮಿಷ ಇಡಿ, ಬಿಸಿ ಆಗೋ ಜಾಗ ಕೂದಲಿಗಿಂತ ಸಣ್ಣದು, ಹಾಗಾಗಿ ಸ್ಯಾಂಪಲ್ ಪೂರ್ತಿ ಸರಿಸ್ತಾ ಸರಿಸ್ತಾ ಸುಡಬೇಕು. ಮಾಣಿಕ್ಯಕ್ಕೆ ಮಾತ್ರ ಲೇಸರ್ ತಾಗಿಸ್ಬೇಡಿ, ಒತ್ತಡಾನ ಬಿಸಿಗೆ ಮುಂಚೆ ಒಂದ್ಸಲ, ತಣ್ಣಗಾದ್ಮೇಲೆ ಒಂದ್ಸಲ ಓದ್ಕೊಳ್ಳಿ.

ಏನಾಯ್ತು ಅಂತ ನೋಡೋಕೆ ಸಿಂಕ್ರೋಟ್ರಾನ್, ಅಂದ್ರೆ ತುಂಬ ಪ್ರಖರ ಎಕ್ಸ್‌ರೇ ಕೊಡೋ ದೊಡ್ಡ ಯಂತ್ರ, ಬೇಕು, ಮಾಮೂಲಿ ಎಕ್ಸ್‌ರೇ ಮೆಷಿನ್‌ಗೆ ಇಷ್ಟು ಸಣ್ಣ ಸ್ಯಾಂಪಲ್ ಕಾಣೋದು ಕಷ್ಟ. ನಮ್ಮಲ್ಲಿ ಇಂದೋರ್‌ನ ಇಂಡಸ್-2ರಲ್ಲಿ ಇಂಥದ್ದಕ್ಕೇ ಒಂದು ಬೀಮ್‌ಲೈನ್ ಇದೆ. ಪ್ಯಾಟರ್ನ್‌ನಲ್ಲಿ ಆಲಿವಿನ್ ಗೆರೆಗಳು ಮಾಯ ಆಗಿ ನಡುವೆ ಎತ್ತರದ್ದೊಂದು, ಆಚೆ ಈಚೆ ಗಿಡ್ಡ ಎರಡು, ಹೀಗೆ ಅಕ್ಕಪಕ್ಕ ಮೂರು ಪೀಕ್ ಬಂದ್ರೆ ಅದು ಬ್ರಿಜ್‌ಮನೈಟ್, ಜೊತೆಗೆ ಸ್ವಲ್ಪ ದೂರದಲ್ಲಿ ಫೆರೋಪೆರಿಕ್ಲೇಸ್ ಪೀಕ್. ಭೂಮಿಯಲ್ಲಿ ಅತಿ ಹೆಚ್ಚು ಇರೋ ಖನಿಜ ಈ ಬ್ರಿಜ್‌ಮನೈಟೇ, ಆದ್ರೂ 2014ರವರೆಗೆ ಇದಕ್ಕೆ ಹೆಸರೇ ಇರ್ಲಿಲ್ಲ, ಯಾಕಂದ್ರೆ ನೈಸರ್ಗಿಕ ಸ್ಯಾಂಪಲ್ ಸಿಗದೆ ಹೆಸರಿಡೋ ಹಾಗಿಲ್ಲ ಅನ್ನೋದು ನಿಯಮ, ಕೊನೆಗೆ 1879ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಟೆನ್‌ಹ್ಯಾಮ್ ಉಲ್ಕೆಯೊಳಗೆ ಸಿಕ್ತು.

ಒತ್ತಡ ಇಳಿಸುವಾಗ ಏರಿಸಿದ್ದಕ್ಕಿಂತ ನಿಧಾನ ಮಾಡಿ, ವಜ್ರ ಜಾಸ್ತಿ ಒಡೆಯೋದು ಇಳಿಯುವಾಗಲೇ. ಬ್ರಿಜ್‌ಮನೈಟ್ ಹೊರಗೆ ಬಂದ್ರೂ ಉಳಿಯುತ್ತೆ, 125 ಗಿಗಾಪಾಸ್ಕಲ್ ಸುಮಾರಿಗೆ ಬ್ರಿಜ್‌ಮನೈಟೇ ರೂಪ ಬದಲಿಸಿ ಆಗೋ ಪೋಸ್ಟ್-ಪೆರೋವ್‌ಸ್ಕೈಟ್ ಹಾಗಲ್ಲ, ಒತ್ತಡ ತೆಗೆದ್ರೆ ಉಳಿಯಲ್ಲ, ಅದನ್ನ ಒಳಗಿರುವಾಗಲೇ ನೋಡಿ ಮುಗಿಸ್ಬೇಕು. ಉಳಿದ ಬ್ರಿಜ್‌ಮನೈಟ್‌ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಇಡ್ತೀರಾದ್ರೆ ಬೀಮ್ ಕಮ್ಮಿ ಇಟ್ಕೊಳ್ಳಿ, ಜಾಸ್ತಿ ಕೊಟ್ರೆ ನೋಡ್ತಾ ನೋಡ್ತಾನೇ ಗಾಜಾಗಿಬಿಡುತ್ತೆ, ಅದಕ್ಕೇ ರಾಮನ್ ಸ್ಪೆಕ್ಟ್ರಮ್ (ಲೇಸರ್ ಬೆಳಕು ಚದುರೋ ರೀತಿಯಿಂದ ಖನಿಜ ಗುರುತಿಸೋದು) ಮೊದಲೇ ತೆಗೆದಿಟ್ಕೊಂಡಿರಿ.